ಆನೆ ಕೇಳುವ ಕಿವಿ

ನಮ್ಮ ಕಡೆ ಯಾರದಾದರೂ ಕಿವಿ ಚುರುಕು ಎಂದರೆ ಅದು ಸಂಗೀತದ ಮಾತಲ್ಲ, ಆನೆಯ ಮಾತು. ಶನಿವಾರಸಂತೆಯಿಂದ ಒಳಗೆ, ಕಾಡಂಚಿಗೆ ಅಂಟಿಕೊಂಡ ತೋಟಗಳಲ್ಲಿ ಇರುವವರಿಗೆ ನಾಯಿ ಬೊಗಳುವ ಮೊದಲೇ ಆನೆ ಬಂದದ್ದು ತಿಳಿಯುವ ಒಬ್ಬರು ಮನೆಯಲ್ಲಿದ್ದರೆ ಅದೊಂದು ಆಸ್ತಿ. ಅಷ್ಟು ದೊಡ್ಡ ಪ್ರಾಣಿ, ಕಾಫಿ ಗಿಡಗಳ ನಡುವೆ ಬೆಕ್ಕಿಗಿಂತ ಮೆತ್ತಗೆ ಬರುತ್ತದೆ. ಎಲ್ಲೋ ಒಂದು ಕಡ್ಡಿ ಮುರಿದ ಸದ್ದು, ಹೊಟ್ಟೆಯೊಳಗಿನ ಗುಡುಗು, ಇದ್ದಕ್ಕಿದ್ದಂತೆ ಸುಮ್ಮನಾಗುವ ಜೀರುಂಡೆ, ಇಷ್ಟರಲ್ಲೇ ತಿಳಿದುಕೊಳ್ಳಬೇಕು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಊಟಕ್ಕೆ ಕೂತವರನ್ನು ತಡೆದು, "ಕೆಳಗಿನ ತೋಟದಲ್ಲಿ ಏನೋ ಇದೆ" ಎಂದಿದ್ದೆ. ನನ್ನ ಗಂಡ ಮಲ್ಲೇಶ ನಕ್ಕರು. ಬೆಳಿಗ್ಗೆ ಹೋಗಿ ನೋಡಿದರೆ ಆನೆಗೆ ಬಲು ಇಷ್ಟದ ಬೈನೆ ಮರ ಬುಡಸಮೇತ ಮಲಗಿತ್ತು, ಸುತ್ತ ತಟ್ಟೆಯಗಲದ ಹೆಜ್ಜೆಗಳು. ಅಲ್ಲಿಂದಾಚೆ ನನ್ನ ಹೆಸರು ಸುತ್ತಲಿನ ತೋಟಗಳಿಗೆಲ್ಲ ಗೊತ್ತಾಯಿತು.

ಕಾಫಿ ಪಿಕಿಂಗ್ ಸಮಯದಲ್ಲಂತೂ ನನಗೆ ಭಾರೀ ಮರ್ಯಾದೆ. ಆಳುಗಳನ್ನು ಕರೆದುಕೊಂಡು ಬರುವ ಸೆಲ್ವಿ ಬೆಳಿಗ್ಗೆ ಗೇಟಿನಲ್ಲೇ ನಿಂತು, "ಗಿರಿಜಕ್ಕಾ, ಇವತ್ತು ಉಂಟಾ?" ಎಂದು ಕೂಗುತ್ತಿದ್ದಳು. ನಾನು ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಇಲ್ಲ, ಹೋಗಿ" ಎಂದರೆ ಮಾತ್ರ ಅವರು ಗಿಡಕ್ಕೆ ಕೈ ಹಾಕುತ್ತಿದ್ದರು. ಅರಣ್ಯ ಇಲಾಖೆಯವರು ಫೋನಿಗೆ ಸಂದೇಶ ಕಳಿಸುತ್ತಾರೆ, ಅದು ಬರುವ ಹೊತ್ತಿಗೆ ಆನೆ ಇನ್ನೊಂದು ಊರಿನಲ್ಲಿರುತ್ತದೆ. ನನ್ನ ಕಿವಿಗೆ ಸಿಗ್ನಲ್ ಬೇಕಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಅದರಿಂದ ಹೆಮ್ಮೆಯಾಗುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನನ್ನ ಹೆದರಿಕೆಗೆ ಒಂದು ಬೆಲೆ ಬಂದಿತ್ತು.

ಈ ಕಿವಿ ನಿನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ನನ್ನ ಅಪ್ಪ ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಕೆಲಸ ಹಂಚುವುದು ಅವರ ಕೆಲಸ. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಉದ್ದ ಕಾಲುಚೀಲ, ಒಂದು ಹಳೆಯ ಬುಲೆಟ್ ಬೈಕು. ನಮ್ಮ ಕ್ವಾರ್ಟರ್ಸ್ ಇಳಿಜಾರಿನ ಕೆಳಗಿತ್ತು. ಪೆಟ್ರೋಲು ಉಳಿಸಲು ಎಲ್ಲರೂ ಮೇಲಿನ ತಿರುವಿನಲ್ಲಿ ಇಂಜಿನ್ ಆಫ್ ಮಾಡಿ ಹಾಗೆಯೇ ಜಾರಿಕೊಂಡು ಬರುತ್ತಿದ್ದರು. ಅಪ್ಪ ಕುಡಿಯದ ದಿನ ಹಾಗೆಯೇ ಬರುತ್ತಿದ್ದರು, ಕಲ್ಲಿನ ಮೇಲೆ ಟೈರು ಉರುಳುವ ಸದ್ದು ಬಿಟ್ಟರೆ ಮತ್ತೇನಿಲ್ಲ. ಕುಡಿದ ದಿನ ಪೆಟ್ರೋಲಿನ ಚಿಂತೆ ಎಲ್ಲಿಯದು? ತಿರುವು ದಾಟಿದರೂ ಇಂಜಿನ್ ಗುಡುಗುತ್ತಲೇ ಇರುತ್ತಿತ್ತು, ನೇರ ಮೆಟ್ಟಿಲಿನವರೆಗೆ. ಆ ತಿರುವಿನಿಂದ ಮೆಟ್ಟಿಲಿಗೆ ಎಷ್ಟು ಹೊತ್ತು ಸಿಗುತ್ತಿತ್ತೋ ಅಷ್ಟೇ ನಮ್ಮ ಪಾಲಿನ ಹೊತ್ತು.

ಸಂಜೆಯಾದರೆ ಕಿವಿಗೊಟ್ಟು ಕೂರುವುದು ನನ್ನ ಕೆಲಸ. ಅವ್ವ ಅಡುಗೆಮನೆಯಲ್ಲಿ, ನಾನು ಹೊಸಿಲಲ್ಲಿ, ಮಡಿಲಲ್ಲಿ ಕನ್ನಡ ಪುಸ್ತಕ. ಇಂಜಿನ್ ಸದ್ದು ತಿರುವು ದಾಟಿತೆಂದರೆ "ಅವ್ವಾ, ಬಂತು" ಎನ್ನುತ್ತಿದ್ದೆ. ಬಂದರು ಎನ್ನುತ್ತಿರಲಿಲ್ಲ. ಅವ್ವ ನನ್ನನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ, ಒಟ್ಟಿದ ಸೌದೆಯ ಹಿಂದೆ ಕೂರಿಸಿ, ಹೊರಗಿನಿಂದ ಚಿಲಕ ಹಾಕಿಬಿಡುತ್ತಿದ್ದಳು. ಆಮೇಲೆ ನಡೆಯುವುದೆಲ್ಲ ನನಗೆ ಸದ್ದಿನಲ್ಲೇ ಗೊತ್ತು. ಒಂದು ಸಲ ಅವ್ವನ ಮಣಿಕಟ್ಟು ಮುರಿಯಿತು. ಡಿಸ್ಪೆನ್ಸರಿಯಲ್ಲಿ ಪಾಚಿಯ ಮೇಲೆ ಜಾರಿದೆ ಎಂದಳು. ಅದು ಕೂಡಿಕೊಂಡಿತು, ಸೊಟ್ಟಗೆ.

ನಾನು ಪಿಯುಸಿ ಓದುತ್ತಿದ್ದಾಗ ಅಪ್ಪ ಲಿವರ್ ಕೆಟ್ಟು ತೀರಿಕೊಂಡರು. ಎಂಥಾ ಶಿಸ್ತಿನ ಮನುಷ್ಯ, ಒಂದು ದಿನ ಹಾಜರಿಗೆ ತಡವಾಗಿ ಬಂದವರಲ್ಲ ಎಂದು ಎಸ್ಟೇಟಿಗೆ ಎಸ್ಟೇಟೇ ಹೊಗಳಿತು. ಬುಲೆಟ್ಟನ್ನು ಯಾರೋ ಕುಶಾಲನಗರದವರು ಕೊಂಡುಕೊಂಡು ಹೋದರು. ಅದು ಏರು ಹತ್ತಿ ಮರೆಯಾಗುವ ತನಕ ನಾನು ನಿಂತು ಕೇಳಿದೆ, ಮುಗಿಯಿತು ಎಂದುಕೊಂಡೆ.

ನನ್ನ ಮಗಳು ಸಿಂಚನ ನಾಲ್ಕನೇ ಕ್ಲಾಸಿಗೆ ಬಂದ ವರ್ಷ ನನ್ನ ನಿದ್ದೆ ಹೋಯಿತು. ಹಿಂದೆಯೇ ನಾಲಿಗೆಯ ರುಚಿ ಹೋಯಿತು. ಕೂದಲು ಬಾಚಲೂ ಮನಸ್ಸಿಲ್ಲ, ಬಟ್ಟೆ ಒಗೆಯಲು ಕೂತರೆ ಬಕೆಟ್ಟಿನ ನೀರು ನೋಡುತ್ತಾ ಕೂತುಬಿಡುತ್ತಿದ್ದೆ. ಕಿವಿ ಮಾತ್ರ ಎಂದಿಗಿಂತ ಚುರುಕಾಯಿತು. ಸಾರು ಕುದಿಯುವ ಸದ್ದಿನ ಹಿಂದೆ ಏನೋ, ನಲ್ಲಿಯ ನೀರಿನ ಹಿಂದೆ ಏನೋ. "ಇದೆ, ತೋಟದೊಳಗೆ ಇದೆ" ಎಂದು ದಿನವೂ ಹೇಳತೊಡಗಿದೆ. ಮಲ್ಲೇಶ ಪಟಾಕಿ ಹಿಡಿದು ಹೋಗಿ ಸಿಡಿಸಿ ಬರುತ್ತಿದ್ದರು. ಏನೂ ಸಿಗುತ್ತಿರಲಿಲ್ಲ. "ಬಂದು ಹೋಗಿರ್ತದೆ" ಎನ್ನುತ್ತಿದ್ದರು.

ಬೇರೆ ಊರಿನಲ್ಲಿ ಹೆಂಗಸೊಬ್ಬಳು ಇಲ್ಲದ ಸದ್ದು ಕೇಳುತ್ತಿದೆ ಎಂದರೆ ವಾರದೊಳಗೆ ಯಾರಾದರೂ ಅನುಮಾನ ಪಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಆನೆ ಕಾಣಲಿಲ್ಲ ಎಂದರೆ ಆನೆ ಇಲ್ಲ ಎಂದಲ್ಲ, ಆನೆ ಜಾಣ ಎಂದು ಅರ್ಥ. ನನ್ನ ಮಾತು ಸುಳ್ಳಾದಷ್ಟೂ ಜನ ಹೆಚ್ಚು ಹೆದರಿದರು. ಅರಣ್ಯ ವಾಚರ್ ಬಂದು ಎಂದೋ ಮುರಿದ ಬಿದಿರನ್ನು ತೋರಿಸಿ, "ಒಂಟಿ ಸಲಗ, ಬಹಳ ಉಪಾಯದ್ದು" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದ. ಆಳುಗಳು ಬರುವುದು ಕಡಿಮೆಯಾಯಿತು, ಹಣ್ಣು ಗಿಡದಲ್ಲೇ ಒಣಗಿತು. ಸಿಂಚನಳನ್ನು ಶಾಲೆಗೆ ಕಳಿಸದೆ ಇಟ್ಟುಕೊಂಡ ದಿನಗಳೂ ಇದ್ದವು. ಟೀಚರಿಗೆ ಫೋನು ಮಾಡಿ ಆನೆ ಎಂದರೆ ಸಾಕು, ಇನ್ನೊಂದು ಪ್ರಶ್ನೆ ಇಲ್ಲ. ನನ್ನ ಕಾಯಿಲೆ ಆ ಆನೆಯ ಹಿಂದೆ ಸುಖವಾಗಿ ನಿಂತುಕೊಂಡಿತ್ತು.

ನಾನು ಯಾರಿಗೂ ಹೇಳದ ಮಾತು ಒಂದಿತ್ತು. ನನಗೆ ಕೇಳುತ್ತಿದ್ದದ್ದು ಆನೆಯಾಗಿ ಉಳಿದಿರಲಿಲ್ಲ. ಮೊದಮೊದಲು ದೂರದ ಗುಡುಗಿನ ಹಾಗಿತ್ತು. ಬರಬರುತ್ತಾ ಅದಕ್ಕೊಂದು ತಾಳ ಬಂತು. ನಮ್ಮ ಮನೆಗೆ ಇಳಿಜಾರೂ ಇಲ್ಲ, ತಿರುವೂ ಇಲ್ಲ. ಆದರೂ ಅದು ತಿರುವು ದಾಟುವುದು ನನಗೆ ತಿಳಿಯುತ್ತಿತ್ತು. ಬುಲೆಟ್ ಎಂದು ಬಾಯಿಬಿಟ್ಟರೆ ನನಗೆ ಹುಚ್ಚು ಎನ್ನುತ್ತಾರೆ, ಆನೆ ಎಂದರೆ ಪಟಾಕಿ ತರುತ್ತಾರೆ. ನಾನು ಆನೆ ಎಂದೇ ಹೇಳುತ್ತಾ ಬಂದೆ.

ಅದೊಂದು ಶನಿವಾರ ಮಧ್ಯಾಹ್ನ. ಮಲ್ಲೇಶ ಸಂತೆಗೆ ಹೋಗಿದ್ದರು. ಅರ್ಧ ದಿನದ ಶಾಲೆ ಮುಗಿಸಿ ಬಂದ ಸಿಂಚನ ಜಗಲಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಕಣದಲ್ಲಿ ಸೆಲ್ವಿ ಕಾಫಿ ಹರಡುತ್ತಿದ್ದಳು. ಬಿಸಿಲು ಎಷ್ಟು ಸ್ವಚ್ಛವಾಗಿತ್ತೆಂದರೆ ಎದುರಿನ ಗುಡ್ಡದ ಒಂದೊಂದು ಮರ ಎಣಿಸಬಹುದಿತ್ತು. ಆ ಬೆಳಕಿನಲ್ಲಿ ಇಂಜಿನ್ ಸದ್ದು ತಿರುವು ದಾಟಿತು, ಆಫ್ ಆಗಲಿಲ್ಲ, ಹತ್ತಿರ ಬರತೊಡಗಿತು.

ನಾನು ಮಗಳ ರಟ್ಟೆ ಹಿಡಿದು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ ಸೌದೆಯ ಹಿಂದೆ ಕೂರಿಸಿದೆ. ಹೊರಗೆ ಬಂದು ಚಿಲಕ ಹಾಕಿದೆ. ಸೌದೆ ಸೀಳುವ ಕತ್ತಿ ಕೈಗೆತ್ತಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಳಗಿನಿಂದ ಸಿಂಚನಳ ದನಿ, ಅಳುವಿಲ್ಲದೆ, ಮೆಲ್ಲಗೆ ಬಂತು.

"ಅಮ್ಮಾ, ಆನೆ ಬಂದ್ರೆ ತಾರಸಿ ಮೇಲಲ್ವಾ ಹೋಗೋದು? ಬಚ್ಚಲಿಗೆ ಯಾಕೆ?"

ಈ ಕಡೆಯ ಚಿಕ್ಕ ಮಗುವಿಗೂ ಗೊತ್ತಿರುವ ಮಾತು ಅದು. ಹೆಂಚಿನ ಬಚ್ಚಲುಮನೆಯನ್ನು ಆನೆ ಒಂದು ನೂಕಿಗೆ ಕೆಡವುತ್ತದೆ, ಅಲ್ಲಿ ಯಾರೂ ಅಡಗುವುದಿಲ್ಲ.

"ಆನೆ ಅಲ್ಲ. ಸುಮ್ನಿರು" ಎಂದೆ.

"ಮತ್ಯಾರು?"

"ನಿನ್ನ ತಾತ."

ಆಮೇಲೆ ಕೇಳಿದಳು, "ಫೋಟೋದಲ್ಲಿರೋ ತಾತನಾ?"

"ಹೂಂ."

ಚಿಕ್ಕಂದಿನಲ್ಲಿ ನಾನು ಹೇಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆನೋ ಹಾಗೆಯೇ ಅವಳೂ ಕೂತಿದ್ದಳು ಎಂದು ಆಮೇಲೆ ತಿಳಿಯಿತು. ಸೆಲ್ವಿ ನನ್ನನ್ನೂ ಕತ್ತಿಯನ್ನೂ ನೋಡಿ ಮಲ್ಲೇಶನಿಗೆ ಫೋನು ಮಾಡಿದ್ದಳು. ಮಲ್ಲೇಶ ಬಂದವರು ದೂರದಲ್ಲೇ ನಿಂತು, ಬಹಳ ಮೆತ್ತಗೆ, "ಗಿರಿಜಾ, ಕತ್ತಿ ಅಲ್ಲಿಡು ಕಣೆ. ಮಗು ಐತೆ ಒಳಗೆ" ಎಂದರು. ಅವರ ಕೈಯಲ್ಲಿ ಸಂತೆಯ ಚೀಲ ಇನ್ನೂ ಹಾಗೆಯೇ ಇತ್ತು. ನಾನು ಯಾರಿಂದ ಮಗಳನ್ನು ಕಾಯುತ್ತಿದ್ದೇನೆ, ಅವರು ಯಾರಿಂದ ಕಾಯುತ್ತಿದ್ದಾರೆ ಎಂದು ಅವರ ಮುಖ ನೋಡಿದಾಗ ಗೊತ್ತಾಯಿತು. ಕತ್ತಿ ಕೆಳಗಿಟ್ಟೆ.

ಮಲ್ಲೇಶನ ಅಣ್ಣ ಮಠದಿಂದ ದಾರ ತಂದು ಕಟ್ಟಿದರು, ಕಟ್ಟಿಸಿಕೊಂಡೆ. ಆದರೂ ಮಲ್ಲೇಶ ಸುಮ್ಮನಿರಲಿಲ್ಲ. ನನ್ನ ಅವ್ವನನ್ನು ಕರೆಸಿಕೊಂಡು, ಮೂವರೂ ಮಡಿಕೇರಿ ಬಸ್ಸು ಹತ್ತಿದೆವು. ಕಣ್ಣು ತೋರಿಸಲು ಹೋಗುತ್ತಿದ್ದೇವೆ ಎಂದು ಊರಿಗೆ ಹೇಳಿ ಹೊರಟಿದ್ದೆವು. ಆಸ್ಪತ್ರೆಯ ಮನೋರೋಗ ವಿಭಾಗದ ಬೆಂಚಿನಲ್ಲಿ ಕೂತ ಮೇಲೆ ನೋಡಿದರೆ ದೂರದ ಗಡಿಯೂರು ಕರಿಕೆಯಿಂದ ಬಂದವರೂ ಯಾರ ಕಣ್ಣಿಗೂ ಕಣ್ಣು ಸೇರಿಸದೆ, ಬೇರೆ ಯಾರದೋ ಜೊತೆಗೆ ಬಂದವರ ಹಾಗೆ ಕೂತಿದ್ದಾರೆ. ಕೊಡಗಿನಲ್ಲಿ ಅಷ್ಟೊಂದು ಕಣ್ಣಿನ ರೋಗಿಗಳಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ವಿರಾಜಪೇಟೆಯ ಒಬ್ಬ ಮುದುಕಿ ಇದ್ದರು, ಮಗನನ್ನು ಕರೆತಂದವರು. ಹೊರಗೆ ಯಾರೋ ಬೈಕು ಸ್ಟಾರ್ಟ್ ಮಾಡಿದರು. ನಾನು ಸರಕ್ಕನೆ ಎದ್ದುಬಿಟ್ಟೆ, ಬಾಗಿಲು ಎಲ್ಲಿದೆ ಎಂದು ಹುಡುಕತೊಡಗಿದೆ. ಆ ಮುದುಕಿ ನನ್ನ ಸೆರಗಿನ ತುದಿ ಹಿಡಿದು ಮೆಲ್ಲಗೆ ಎಳೆದು, "ಕೂರಮ್ಮ, ಅದು ಹೋಗುವ ಬೈಕು" ಎಂದರು. ಒಂದು ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು. ಎಷ್ಟೋ ತಿಂಗಳ ಮೇಲೆ ನನ್ನ ನಾಲಿಗೆಗೆ ಹುಳಿ ತಗುಲಿತು. ಅವರ ಹೆಸರು ಕೇಳಲಿಲ್ಲ ಎಂಬ ಬೇಸರ ಈಗಲೂ ಇದೆ.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ಕೇಳಿಸುತ್ತದೆ ಎಂದು ಮೊದಲು ಕೇಳಲಿಲ್ಲ. "ಹೀಗೆ ಕಿವಿಗೊಟ್ಟು ಕೂರೋದು ಯಾವಾಗಿಂದ ಅಭ್ಯಾಸ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು.

"ಎಲ್ಲಾರ ಮನೇಲೂ ಇದ್ದದ್ದೇ ಡಾಕ್ಟ್ರಮ್ಮ. ಗಂಡಸ್ರು ಅಂದ್ಮೇಲೆ ಒಂದೊಂದಿನ ಕೈ ಎತ್ತೋರೇ. ಅದುನ್ನೆಲ್ಲ ಈಗ ಯಾಕೆ?"

ಹೇಳುತ್ತಲೇ ಸೊಟ್ಟ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು. ಡಾಕ್ಟರ್ ಅದನ್ನು ನೋಡಿದರು, ನಾನೂ ನೋಡಿದೆ. ಅವ್ವನೂ ಸೇರಿ ಮೂವರೂ ಒಂದೇ ಕಡೆ ನೋಡುತ್ತಾ ಕೂತಿದ್ದ ಆ ಗಳಿಗೆಯಲ್ಲಿ ನನಗೆ ಅಳು ಬಂತು. ಅತ್ತು ಮುಗಿಯುವ ತನಕ ಯಾರೂ ಸುಮ್ಮನಿರು ಎನ್ನಲಿಲ್ಲ.

ಖಿನ್ನತೆ ಎಂದರು, ಅದು ಬಹಳ ಆಳಕ್ಕಿಳಿದು ಇಲ್ಲದ ಸದ್ದನ್ನು ಕೇಳಿಸುತ್ತಿದೆ ಎಂದರು. "ಅಪ್ಪನಿಂದ ಬಂತಾ?" ಎಂದು ನಾನು ಕೇಳಿದೆ. "ಚಿಕ್ಕಂದಿನಲ್ಲಿ ಹೆದರಿಕೊಂಡು ಬೆಳೆದ ಮಕ್ಕಳಿಗೆಲ್ಲ ಕಾಯಿಲೆ ಬರಲ್ಲ. ಆದ್ರೆ ಅಂಥ ಮಕ್ಕಳಿಗೆ ಮುಂದೆ ಬರೋ ಸಾಧ್ಯತೆ ಜಾಸ್ತಿ. ಇದೊಂದೇ ಕಾರಣ ಅಂತ ನಾನು ಹೇಳಲ್ಲ" ಎಂದರು. ಆಮೇಲೆ ಮಗಳು ಹೇಗಿದ್ದಾಳೆ ಎಂದು ವಿಚಾರಿಸಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ, "ಬಹಳ ಒಳ್ಳೆ ಹುಡುಗಿ. ಮನೇಲಿದ್ರೆ ಸದ್ದೇ ಇಲ್ಲ" ಎಂದೆ. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಸದ್ದೇ ಇಲ್ವಾ?" ಎಂದರು. ಸಾಧ್ಯವಾದರೆ ಅವಳನ್ನೂ ಒಮ್ಮೆ ಕರೆತನ್ನಿ ಎಂದರು. ಮಗುವನ್ನು ಅಂಥಲ್ಲಿಗೆ ಯಾಕೆ ತರುವುದು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ವಾಪಸು ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸೋಮವಾರಪೇಟೆ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು, "ನೀನು ಬಂತು ಅಂತಿದ್ದಂಗೇ ನಾನು ಒಲೆ ಮೇಲಿನ ಬಿಸೀದೆಲ್ಲ ಇಳಿಸಿ ಮೂಲೇಲಿ ಮುಚ್ಚಿಡ್ತಿದ್ದೆ. ಅವರ ಕೈಗೆ ಸಿಕ್ಕದಂಗೆ. ನಿನ್ನ ಕಿವಿ ನಂಬ್ಕಂಡೇ ಕಣವ್ವ ನಾನು ಬದುಕಿದ್ದು." ನಾನು ಅವಳ ಸೊಟ್ಟ ಕೈ ಹಿಡಿದುಕೊಂಡೆ. ಊರು ಬರುವ ತನಕ ಬಿಡಲಿಲ್ಲ. ಅವ್ವನ ಮೇಲೆ ಸಿಟ್ಟೂ ಇತ್ತು, ಅದನ್ನೂ ಬಿಡಲಿಲ್ಲ.

ಮಾತ್ರೆಗಳು ನನ್ನನ್ನು ಮೊದಲು ಕಂಬಳಿಯಲ್ಲಿ ಸುತ್ತಿಟ್ಟ ಹಾಗೆ ಮಾಡಿದವು. ಬಾಯಿ ಒಣಗುತ್ತಿತ್ತು, ರವಿಕೆಗಳು ಬಿಗಿಯಾದವು, ಮಾತಾಡುತ್ತಾ ಮಾತಾಡುತ್ತಾ ಕಣ್ಣು ಮುಚ್ಚುತ್ತಿತ್ತು. ಡಾಕ್ಟರ್ ಬದಲಿಸಿದರು, ಕಡಿಮೆ ಮಾಡಿದರು, ಕೂರಿಸಿ ಮಾತಾಡಿಸಿದರು. ಬೈಕು ಒಂದೇ ದಿನ ನಿಲ್ಲಲಿಲ್ಲ. ಮೊದಲು ತಿರುವಿನಾಚೆ ಹೋಯಿತು, ಆಮೇಲೆ ಗುಡ್ಡದಾಚೆ. ಒಂದು ಬೆಳಿಗ್ಗೆ ದೋಸೆ ಹುಯ್ಯುವಾಗ ಬರೀ ದೋಸೆಯ ಸದ್ದು ಕೇಳಿತು, ಅದರ ಹಿಂದೆ ಇನ್ನೇನೂ ಇರಲಿಲ್ಲ. ಬೆಂಕಿ ಆರಿಸಿ ಕೂತು ಸಮಾಧಾನವಾಗಿ ಅತ್ತೆ.

ಆದರೆ ಕಿವಿಯೂ ಮಂದವಾಗಿತ್ತು. ಊರಿಗೆ ಆದದ್ದು ಅದೇ ದೊಡ್ಡ ನಷ್ಟ. ಕಣ್ಣಿನ ನೆಪ ಊರಿನಲ್ಲಿ ಹೆಚ್ಚು ದಿನ ನಿಂತಿರಲಿಲ್ಲ. ಪಕ್ಕದ ತೋಟದ ಯಜಮಾನರು ಮನೆಗೇ ಬಂದು, ನಾಚಿಕೆಯಿಂದಲೇ ಕೇಳಿದರು, "ಅಲ್ಲ ಗಿರಿಜಮ್ಮ, ಪಿಕಿಂಗ್ ಮುಗಿಯೋಗಂಟ ಆ ಮಾತ್ರೆ ನಿಲ್ಸಿದ್ರೆ ಏನಾದ್ರೂ ತೊಂದ್ರೆ ಐತಾ?" ಮಲ್ಲೇಶ ಅವರಿಗೆ ಕಾಫಿಯನ್ನೂ ಕೊಡದೆ ಕಳಿಸಿದರು. ನಾನು ಒಳಗೆ ಕೂತು ನಕ್ಕೆ. ನಕ್ಕ ಮೇಲೆ, ಎರಡು ನಿಮಿಷ, ನಿಲ್ಲಿಸಿದರೆ ಹೇಗೆ ಎಂದು ನಾನೂ ಯೋಚಿಸಿದೆ. ಏನೂ ಕೇಳದೆ ಇರುವುದು ನನಗೆ ಅಷ್ಟು ಹೊಸದು, ಅಷ್ಟು ಭಯ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಗೇಟಿನಲ್ಲಿ ಸೆಲ್ವಿ ಚೀರಿದಳು. ಹೊರಗೆ ಬಂದು ನೋಡಿದರೆ ಮನೆಯ ಹಿಂದಿನ ಬಾಳೆಮೆಳೆ ಚಾಪೆಯ ಹಾಗೆ ಹಾಸಿತ್ತು. ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಹೆಜ್ಜೆಗಳು ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡೇ ಹೋಗಿದ್ದವು, ಸುಣ್ಣದ ಮೇಲೆ ಮೈ ಉಜ್ಜಿದ ಕೆಸರಿತ್ತು.

"ಅಕ್ಕಾ, ಇಷ್ಟು ಹತ್ತಿರ! ನಿಮಗೆ ಕೇಳ್ಲಿಲ್ವಾ?"

"ಇಲ್ಲ ಕಣೆ ಸೆಲ್ವಿ, ಏನೂ ಕೇಳಲಿಲ್ಲ!" ಎಂದೆ. ನನ್ನ ದನಿಯಲ್ಲಿದ್ದ ಖುಷಿಗೆ ಅವಳು ಗಾಬರಿಯಾದಳು. ನಿಜವಾದ ಆನೆ ನನ್ನ ತಲೆಯಿಂದ ಒಂದು ಗೋಡೆಯಾಚೆ ನಿಂತು ಬಾಳೆ ತಿಂದು ಹೋಗಿತ್ತು, ಮತ್ತು ನಾನು ಮಲಗಿದ್ದೆ. ಈ ಸುದ್ದಿಯನ್ನು ಡಾಕ್ಟರಿಗೆ ಹೇಳಬೇಕು ಎಂದುಕೊಂಡೆ. ಜಗಲಿಯಲ್ಲಿ ಶಾಲೆಯ ಚೀಲ ಹಾಕಿಕೊಂಡು ನಿಂತಿದ್ದ ಸಿಂಚನಳನ್ನು ಅದೇ ಉತ್ಸಾಹದಲ್ಲಿ ಕೇಳಿದೆ, "ನಿಂಗೂ ಗೊತ್ತಾಗ್ಲಿಲ್ಲ ಅಲ್ವಾ?"

"ಆನೆ ಗೊತ್ತಾಗ್ಲಿಲ್ಲ" ಎಂದಳು. ಬೂಟಿನ ಲೇಸು ನೋಡುತ್ತಾ ಸೇರಿಸಿದಳು, "ನೀನು ಎದ್ದು ಬಂದು ನನ್ನ ಬಾಗ್ಲು ಹತ್ರ ನಿಂತಿದ್ದು ಗೊತ್ತಾಯ್ತು. ಚಿಲಕ ಹಾಕ್ತೀಯೇನೋ ಅಂತ ಕಾಯ್ತಿದ್ದೆ."

ನೀರು ಕುಡಿಯಲು ಎದ್ದಿದ್ದೆ. ಹೊದಿಕೆ ಸರಿದಿದೆಯೇನೋ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದೆ, ಅಷ್ಟೆ.

"ಅದು ನಾನೇ ಅಂತ ಹೆಂಗೆ ಗೊತ್ತಾಯ್ತು?"

"ಗೊತ್ತಾಗತ್ತೆ. ನೀನು ಚೆನ್ನಾಗಿರೋ ದಿನ ಹವಾಯಿ ಚಪ್ಪಲಿ ಹಾಕ್ಕೊಂಡು ಓಡಾಡ್ತೀಯ. ಇಲ್ಲಾಂದ್ರೆ ಬರಿಗಾಲು. ರಾತ್ರಿ ಬರಿಗಾಲಲ್ಲಿ ಬಂದಿದ್ದೆ."

ಈ ಚಳಿಗೆ ಮನೆಯೊಳಗೂ ಎಲ್ಲರೂ ಚಪ್ಪಲಿ ಹಾಕುತ್ತೇವೆ. ನಾನು ಯಾವ ದಿನ ಹಾಕುತ್ತೇನೆ, ಯಾವ ದಿನ ಇಲ್ಲ ಎಂದು ನನಗೇ ಗೊತ್ತಿರಲಿಲ್ಲ. ಅವಳು ಎಂದಿನಿಂದ ಕೇಳುತ್ತಾ ಮಲಗಿದ್ದಳೋ ಗೊತ್ತಿಲ್ಲ. ಏನಿಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ ಎಂಬ ಮಾತು ನನ್ನ ಗಂಟಲಿಗೆ ಬಂದು ನಿಂತಿತು. ಅವ್ವನ ದನಿಯಲ್ಲೇ ಬಂದಿತ್ತು. ಅದನ್ನು ನುಂಗಿಕೊಂಡೆ. ಬೂಟು ಬಿಚ್ಚು, ಇವತ್ತು ಶಾಲೆ ಬೇಡ ಎಂದೆ. ಅವಳ ಮುಖ ಬಿಳಿಚಿತು. ಶಾಲೆ ಬೇಡ ಎಂದರೆ ನಮ್ಮ ಮನೆಯಲ್ಲಿ ಏನರ್ಥ ಎಂದು ಅವಳಿಗೆ ಗೊತ್ತಿತ್ತಲ್ಲ. "ಮಡಿಕೇರಿಗೆ ಹೋಗೋಣ, ನಾನು ಮಾತಾಡ್ತೀನಲ್ಲ ಆ ಡಾಕ್ಟರ ಹತ್ರ. ನೀನೂ ಮಾತಾಡು. ನನ್ನ ಬಗ್ಗೆ ಏನು ಬೇಕಾದ್ರೂ ಹೇಳು" ಎಂದೆ. ಹೊರಡುವ ಮೊದಲು ಮಲ್ಲೇಶ ಅವಳ ಕೋಣೆಯ ಹೊರಗಿನ ಚಿಲಕವನ್ನು, ಆಮೇಲೆ ಬಚ್ಚಲುಮನೆಯದನ್ನು, ಅವಳ ಕಣ್ಣೆದುರೇ ಬಿಚ್ಚಿ ತೆಗೆದರು.

ಅವಳು ಈಗಲೂ ಹೋಗಿ ಬರುತ್ತಾಳೆ, ಒಳಗೆ ಏನು ಹೇಳುತ್ತಾಳೋ ನಾನು ಕೇಳುವುದಿಲ್ಲ. ದಿನವೂ ಚಪ್ಪಲಿ ಹಾಕಿಕೊಂಡೇ ಓಡಾಡಿಬಿಡೋಣ ಎಂದು ಒಂದು ವಾರ ಪ್ರಯತ್ನಿಸಿದೆ. ಅವಳು ಬೇರೆ ಸದ್ದು ಹುಡುಕಿಕೊಂಡಳು, ಬಳೆಯದು, ಪಾತ್ರೆಯದು. ಈಗ ನಾನೇ ಹೇಳಿಬಿಡುತ್ತೇನೆ. ಅವಳ ಬಾಗಿಲ ಹತ್ತಿರ ಬಂದಾಗ ದನಿ ಎತ್ತಿ, "ಸಿಂಚನಾ, ನಾನು. ಇವತ್ತು ಮನಸ್ಸು ಅಷ್ಟು ಚೆನ್ನಾಗಿಲ್ಲ. ಮಾತ್ರೆ ತಗೊಂಡಿದ್ದೀನಿ. ನೀನು ಕಾಯ್ಬೇಡ" ಎನ್ನುತ್ತೇನೆ. ಕೆಲವು ದಿನ ಒಳಗಿನಿಂದ ತಕ್ಷಣ "ಹೂಂ" ಎಂದು ಬರುತ್ತದೆ. ಕೆಲವು ದಿನ ಬರುವುದಿಲ್ಲ, ಅವಳು ನಿದ್ದೆ ಹೋಗಿದ್ದಾಳೋ, ಉಸಿರು ಬಿಗಿಹಿಡಿದು ಕೂತಿದ್ದಾಳೋ ತಿಳಿಯದೆ ನಾನು ಆ ಬಾಗಿಲಿಗೆ ಕಿವಿಗೊಟ್ಟು ನಿಂತಿರುತ್ತೇನೆ.